ಎರಡು ಜೀವದವಳಿಗೆ ಮೊದಲ ತುತ್ತು

ಎಳ್ಳಮಾವಾಸ್ಯೆಯ ದಿನ ವಿಜಯಪುರ ಸೀಮೆಯ ಯಾವ ಹೊಲಕ್ಕೆ ಹೋಗಿ ನೋಡಿದರೂ ಒಂದೇ ನೋಟವು ಕಣ್ಣಿಗೆ ಬೀಳುವುದು. ಹಿಂಗಾರಿ ಜೋಳವು ಎದ್ದು ನಿಂತು ತೆನೆಗಟ್ಟುವ ಕಾಲವದು. ಒಕ್ಕಲುಮಕ್ಕಳು ಹೆಂಡಿರು ಮಕ್ಕಳು, ಬಂಧುಬಳಗದವರೊಡನೆ ಬುಟ್ಟಿಗಟ್ಟಲೆ ಅಡಿಗೆಯನ್ನು ಹೊತ್ತು ಹೊಲಕ್ಕೆ ನಡೆಯುವರು. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಪುಂಡಿಪಲ್ಯ, ಬದನೆಯ ಎಣ್ಣೆಗಾಯಿ, ಮೊಳಕೆ ಕಾಳಿನ ಪಲ್ಯ, ಅಗಸಿಯ ಹಿಂಡಿ, ಗುರೆಳ್ಳಿನ ಹಿಂಡಿ, ಗಟ್ಟಿ ಮೊಸರು ಇವೆಲ್ಲ ಆ ಬುಟ್ಟಿಯಲ್ಲಿರುವುವು. ಭೂತಾಯಿಯು ಈಗ ಬಸುರಿ. ಅವಳ ಬಯಕೆಯನ್ನು ತೀರಿಸಬೇಕೆಂಬ ಭಾವನೆಯಿಂದ ಈ ಅಡಿಗೆಯ ಒಂದು ಪಾಲನ್ನು ಹೊಲದ ನಾಲ್ಕೂ ದಿಕ್ಕಿಗೆ ಚರಗವೆಂದು ಚೆಲ್ಲಿ, ಆ ಮೇಲೆ ತಾವು ಉಣ್ಣುವರು. ಮೊದಲ ತುತ್ತು ಬಸುರಿಗೆ. ಉಳಿದವರಿಗೆ ಆ ಮೇಲಿನದು.

ಆ ಬುಟ್ಟಿಯನ್ನು ಆಹಾರಶಾಸ್ತ್ರ ಬಲ್ಲವರ ಮುಂದಿರಿಸಿದರೆ ಅವರು ತಲೆದೂಗದೆ ಇರಲಾರರು. ಅದರಲ್ಲಿ ಧಾನ್ಯವಿದೆ, ಕಾಳಿದೆ, ಎಣ್ಣೆಬೀಜವಿದೆ, ಸೊಪ್ಪಿದೆ, ಹೈನವಿದೆ, ಬೆಲ್ಲವಿದೆ. ಬಸುರಿಯಾದವಳಿಗೆ ಏನೇನು ಬೇಕೆಂಬುದನ್ನು ನಮ್ಮ ಹಿರಿಯರು ಯಾವ ಗ್ರಂಥವನ್ನೂ ಓದದೆ ಅರಿತಿದ್ದರೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ. ಆದರೆ ಅದೇ ಹೊಲದಲ್ಲಿ ಕಳೆ ಕೀಳಲು ಬರುವ ಕೂಲಿಯ ಹೆಣ್ಣುಮಗಳು ಆರು ತಿಂಗಳ ಬಸುರಿಯಾಗಿದ್ದರೆ ಅವಳ ದಿನದ ಬುತ್ತಿಯಲ್ಲಿ ಏನಿರುವುದು? ಎಷ್ಟೋ ಸಲ ಎರಡು ಒಣರೊಟ್ಟಿ, ಒಂದಿಷ್ಟು ಕೆಂಪು ಖಾರ, ಒಂದು ಉಳ್ಳಾಗಡ್ಡಿ, ಅಷ್ಟೇ. ಮಣ್ಣಿಗೆ ಸಲ್ಲುವ ಮರ್ಯಾದೆಯು ಆ ಮಣ್ಣಿನಲ್ಲಿ ದುಡಿಯುವ ಮಗಳಿಗೆ ಸಲ್ಲದಿರುವುದು ಏಕೆ? ಈ ಪ್ರಶ್ನೆಯನ್ನು ನಮ್ಮ ವಾಚಕರ ಮುಂದಿಟ್ಟು, ಅದಕ್ಕೆ ನಾವು ನೀವು ಕೂಡಿ ಮಾಡಬಹುದಾದ ಪರಿಹಾರವನ್ನು ವಿಚಾರಿಸಬೇಕೆಂಬುದೇ ಈ ಲೇಖನದ ಉದ್ದೇಶ.

ನಾಡು ಮತ್ತು ಅದರ ಅನ್ನ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಇವು 1997ರಲ್ಲಿ ಬಾಗಲಕೋಟೆಯು ಬೇರೆ ಜಿಲ್ಲೆಯಾದ ಬಳಿಕ ವಿಜಯಪುರ ತಾಲೂಕಿನೊಡನೆ ಸೇರಿ ಒಂದು ಜಿಲ್ಲೆಯಾಗಿ ಉಳಿದ ತಾಲೂಕುಗಳು. ಈಚೆಗೆ ಇವುಗಳಿಂದ ಬೇರೆ ಚಿಕ್ಕ ತಾಲೂಕುಗಳನ್ನು ಒಡೆದಿರುವರಾದರೂ ಜನರ ಮಾತಿನಲ್ಲಿ ಹಳೆಯ ಗಡಿಗಳು ಇನ್ನೂ ಅಳಿದಿಲ್ಲ. ಇಂಡಿ ಸಿಂದಗಿಗಳ ಬದಿಯಲ್ಲಿ ಭೀಮೆ, ಬಾಗೇವಾಡಿ ಮುದ್ದೇಬಿಹಾಳಗಳ ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಡೋಣಿಯ ಕರಿಯ ಎರೆಯಲ್ಲಿ ಬೆಳೆ ಬಂತೆಂದರೆ ಓಣಿ ಓಣಿಯಲ್ಲಿಯೂ ಜೋಳ ತುಂಬುವುದೆಂಬುದು ಈ ಕಡೆಯ ಹಳೆಯ ನಾಣ್ನುಡಿಯ ತಾತ್ಪರ್ಯ. ಜೋಳ, ಸಜ್ಜೆ, ತೊಗರಿ, ಕಡಲೆ, ಹೆಸರು, ಶೇಂಗಾ, ಅಗಸಿ, ಗುರೆಳ್ಳು ಇವೆಲ್ಲ ಇಲ್ಲಿಯ ನೆಲದ ಬೆಳೆಗಳು. ಇಂಡಿಯಂತೂ ನಿಂಬೆಗೆ ಹೆಸರಾದ ಊರು; ರಾಜ್ಯದ ನಿಂಬೆ ಅಭಿವೃದ್ಧಿ ಮಂಡಳಿಯ ನೆಲೆಯೂ ಅಲ್ಲಿಯೇ.

ಆದರೆ ಮಳೆಯನ್ನು ನಂಬಿದ ನಾಡಿನ ಸಮೃದ್ಧಿಯು ಸ್ಥಿರವಾದುದಲ್ಲ. ಈ ಸೀಮೆಯು ಕಲಾದಗಿ ಜಿಲ್ಲೆಯೆಂಬ ಹೆಸರಿನಲ್ಲಿದ್ದ ಕಾಲದಲ್ಲಿ, 1876ರಿಂದ 1878ರ ವರೆಗಿನ ಮಹಾಕ್ಷಾಮವು ಇಲ್ಲಿಯ ಹಳ್ಳಿಗಳನ್ನು ಬರಿದುಮಾಡಿತು. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟನ್ನು ಕಟ್ಟಿದ ಮೇಲೆ ಕೆಲವು ಭಾಗಗಳು ನೀರುಂಡಿವೆ. ಆದರೂ ಒಣಬೇಸಾಯದ ಊರುಗಳಲ್ಲಿ ಮಳೆ ಕೈಕೊಟ್ಟ ವರ್ಷ ಬಡವರು ಬೀಗ ಹಾಕಿದ ಮನೆಯನ್ನು ಹಿಂದೆ ಬಿಟ್ಟು ಗೋವೆ, ಪುಣೆ, ಮುಂಬಯಿಗಳ ಕಟ್ಟಡದ ಕೆಲಸಕ್ಕೂ ಮಹಾರಾಷ್ಟ್ರದ ಕಬ್ಬಿನ ಕಟಾವಿಗೂ ಹೊರಡುವುದು ತಪ್ಪಿಲ್ಲ. ತಾಂಡಾಗಳ ಲಂಬಾಣಿ ಕುಟುಂಬಗಳಲ್ಲಿ ಈ ಅಲೆದಾಟ ಇನ್ನೂ ಹೆಚ್ಚು. ಹೀಗೆ ಹೊರಟವರಲ್ಲಿ ಬಸುರಿಯರೂ ಇರುವರು, ಮೊಲೆಯುಣ್ಣುವ ಕೂಸುಗಳನ್ನು ಬೆನ್ನಿಗೆ ಕಟ್ಟಿಕೊಂಡ ಎಳೆಯ ತಾಯಂದಿರೂ ಇರುವರು.

ದೇಹವು ಬೇಡುವುದೇನು?

ಬಸುರಿಯು ಇಬ್ಬರ ಊಟವನ್ನು ಉಣ್ಣಬೇಕೆಂಬ ಮಾತು ಅತಿಶಯೋಕ್ತಿ. ಏನೂ ಹೆಚ್ಚು ಬೇಡವೆಂಬ ಮಾತು ಮಾತ್ರ ಅಪಾಯಕರ. ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತು 2020ರಲ್ಲಿ ಗೊತ್ತುಪಡಿಸಿದ ಪ್ರಮಾಣದ ಮೇರೆಗೆ ಬಸುರಿಗೆ ದಿನಕ್ಕೆ 350 ಕ್ಯಾಲೊರಿ, ಹಾಲೂಡುವ ತಾಯಿಗೆ ಮೊದಲ ಆರು ತಿಂಗಳು 600 ಕ್ಯಾಲೊರಿ ಹೆಚ್ಚಿಗೆ ಬೇಕು. ನಮ್ಮ ಅಡಿಗೆಮನೆಯ ಲೆಕ್ಕದಲ್ಲಿ ಹೇಳುವುದಾದರೆ, ದಿನದ ಊಟದ ಮೇಲೆ ಒಂದು ಜೋಳದ ರೊಟ್ಟಿ, ಒಂದು ಬಟ್ಟಲು ಬೇಳೆ, ಒಂದು ಹಿಡಿ ಹುರಿದ ಶೇಂಗಾ ಸೇರಿದರೆ ಬಸುರಿಯ ಹೆಚ್ಚಿನ ಬೇಡಿಕೆಯು ಹೆಚ್ಚುಕಡಿಮೆ ಪೂರೈಸುವುದು. ಬಾಣಂತಿಗೆ ಇದರ ಮೇಲೆ ಇನ್ನೊಂದು ರೊಟ್ಟಿಯೂ ಒಂದು ಲೋಟ ಹಾಲೂ ಬೇಕು. ಇದು ಅರಸರ ಭೋಜನವಲ್ಲವೆಂಬುದನ್ನು ಯಾರಾದರೂ ಒಪ್ಪುವರು.

ಆದರೆ ಇಲ್ಲಿ ಒಂದು ಮಾತನ್ನು ಗಮನಿಸತಕ್ಕದ್ದು. ಈ ಲೆಕ್ಕವೆಲ್ಲ ಹೊಟ್ಟೆತುಂಬ ಊಟದ ಮೇಲಿನ ಲೆಕ್ಕ. ಕುಳಿತು ಕೆಲಸಮಾಡುವ ಹೆಂಗಸಿಗೆ ದಿನಕ್ಕೆ 1660 ಕ್ಯಾಲೊರಿ ಸಾಕಾದರೆ, ಮೈಮುರಿದು ದುಡಿಯುವವಳಿಗೆ 2720 ಬೇಕೆಂದು ಅದೇ ಪರಿಷತ್ತು ಹೇಳುವುದು. ಹೊಲದಲ್ಲಿ ಬಗ್ಗಿ ಕೆಲಸಮಾಡಿ, ನೀರು ಹೊತ್ತು, ಕಟ್ಟಿಗೆ ತಂದು, ಕೊನೆಗೆ ರೊಟ್ಟಿ ಬಡಿಯುವ ಬಡವಿಯು ಎರಡನೆಯ ಪಂಕ್ತಿಗೆ ಸೇರಿದವಳು. ಅವಳ ಊಟವೋ ಮೊದಲನೆಯ ಪಂಕ್ತಿಗಿಂತಲೂ ಕೆಳಗಿನದು. ಈ ಕೊರತೆಯ ಮೇಲೆ ಗರ್ಭದ ಭಾರವು ಬಂದಾಗ ದೇಹವು ತನ್ನ ಸ್ನಾಯು ಎಲುಬುಗಳಿಂದಲೇ ಸಾಲ ತೆಗೆಯುವುದು.

ಈ ಸಾಲವು ಮೊದಲು ರಕ್ತದಲ್ಲಿ ಕಾಣಿಸುವುದು. ಬಸುರಿಯ ರಕ್ತದಲ್ಲಿ ನೂರು ಮಿಲಿಲೀಟರಿಗೆ 11 ಗ್ರಾಮಿಗಿಂತ ಕಡಿಮೆ ಹಿಮೋಗ್ಲೋಬಿನ್ ಇದ್ದರೆ ಅದು ರಕ್ತಹೀನತೆ. 7 ಗ್ರಾಮಿಗಿಂತ ಕೆಳಗಿಳಿದರೆ ಅದು ಕಠಿನ ಸ್ಥಿತಿ. 2019-20ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಬಸುರಿಯರ ಪೈಕಿ ನೂರಕ್ಕೆ 45.7 ಮಂದಿ ರಕ್ತಹೀನರೆಂದು ಕಂಡುಬಂದಿತು. ಐದು ವರ್ಷದೊಳಗಿನ ಮಕ್ಕಳಲ್ಲಿ ಈ ಪ್ರಮಾಣವು ನೂರಕ್ಕೆ 65.5. ವಯಸ್ಸಿಗೆ ತಕ್ಕ ಎತ್ತರಕ್ಕೆ ಬೆಳೆಯದ ಮಕ್ಕಳು ನೂರಕ್ಕೆ 35.4. ತಾಯಿಯ ಕೊರತೆಯು ಮಗುವಿನ ಪಾಲಿಗೆ ಬರುವುದೆಂಬುದನ್ನು ಈ ಅಂಕಿಗಳನ್ನು ಒಟ್ಟಿಗಿಟ್ಟು ನೋಡಿದರೆ ತಿಳಿಯುವುದು.

ರಕ್ತಹೀನಳಾದ ತಾಯಿಯು ಹೆರಿಗೆಯ ಕಾಲದಲ್ಲಿ ಆಗುವ ಸಾಧಾರಣ ರಕ್ತಸ್ರಾವವನ್ನೂ ತಾಳಲಾರಳು. ಗಟ್ಟಿಮುಟ್ಟಾದವಳು ಎದ್ದು ಕೂಡುವ ಕಡೆ ಇವಳ ಜೀವಕ್ಕೇ ಅಪಾಯ. 1946ರಲ್ಲಿ ಭೋರ್ ಸಮಿತಿಯು ಕೊಟ್ಟ ವರದಿಯ ಮೇರೆಗೆ ಆಗಿನ ಹಿಂದುಸ್ಥಾನದಲ್ಲಿ ವರ್ಷಕ್ಕೆ ಸುಮಾರು ಎರಡು ಲಕ್ಷ ಸ್ತ್ರೀಯರು ಬಸಿರು ಬಾಣಂತಿತನಗಳ ಕಾರಣದಿಂದ ಸಾಯುತ್ತಿದ್ದರು. ಅಲ್ಲಿಂದ ಈಚೆಗೆ ಬಹಳ ಸುಧಾರಣೆಯಾಗಿರುವುದು ಸಂತೋಷದ ಸಂಗತಿ. ಕರ್ನಾಟಕದಲ್ಲಿ 2001-03ರಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದರೆ, 2018-20ರಲ್ಲಿ ಆ ಸಂಖ್ಯೆಯು 69ಕ್ಕೆ ಇಳಿಯಿತು. ದವಾಖಾನೆಯ ಹೆರಿಗೆ, ದಾದಿಯರ ಆರೈಕೆ, ಸಕಾಲದ ರಕ್ತದಾನ ಇವುಗಳಿಂದ ಎಷ್ಟೋ ಜೀವಗಳು ಉಳಿದಿವೆ. ಆದರೆ ದವಾಖಾನೆಯು ಕೊನೆಯ ಒಂದು ದಿನದ ಕಾವಲುಗಾರ. ಒಂಬತ್ತು ತಿಂಗಳ ಕಾವಲು ಅಡಿಗೆಮನೆಯದು.

ಮುಂಬಯಿಯ ಗಿರಣಿಯ ಹೆಂಗಸರು

ಊಟಕ್ಕೂ ಬಸುರಿಯ ರಕ್ತಕ್ಕೂ ಇರುವ ಸಂಬಂಧವನ್ನು ತೋರಿಸಿಕೊಟ್ಟ ಒಂದು ಮುಖ್ಯ ಶೋಧವು ನಮ್ಮ ದೇಶದಲ್ಲಿಯೇ ನಡೆಯಿತು. ಆಗ ವಿಜಯಪುರವೂ ಮುಂಬಯಿ ಪ್ರಾಂತಕ್ಕೆ ಸೇರಿದುದು. 1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯು ಮುಂಬಯಿಗೆ ಬಂದು, ಬಟ್ಟೆಯ ಗಿರಣಿಗಳಲ್ಲಿ ದುಡಿಯುವ ಬಡ ಬಸುರಿಯರಿಗೆ ಬರುತ್ತಿದ್ದ ಒಂದು ಬಗೆಯ ಘೋರ ರಕ್ತಹೀನತೆಯನ್ನು ಪರೀಕ್ಷಿಸತೊಡಗಿದಳು. ಅದಕ್ಕೆ ಕಾರಣವು ಅಂಟುರೋಗವಲ್ಲ, ಬಡತನದ ಊಟ ಎಂಬುದು ಆಕೆಗೆ ಮನದಟ್ಟಾಯಿತು. ಹುದುಗಿನಿಂದ ತಯಾರಿಸಿದ ಮಾರ್ಮೈಟ್ ಎಂಬ ಅಗ್ಗದ ತಿನಿಸನ್ನು ಕೊಟ್ಟು ಆಕೆಯು ರೋಗಿಗಳನ್ನು ಗುಣಪಡಿಸಿದಳು. 1931ರಲ್ಲಿ ತನ್ನ ಶೋಧವನ್ನು ಪ್ರಕಟಿಸಿದಳು. ಅದರಲ್ಲಿದ್ದ ಗುಣಕಾರಿ ವಸ್ತುವು ಯಾವುದೆಂಬುದು ಮುಂದೆ ತಿಳಿಯಿತು. 1941ರಲ್ಲಿ ಅಮೇರಿಕೆಯ ಶಾಸ್ತ್ರಜ್ಞರು ಪಾಲಕದ ಎಲೆಗಳಿಂದ ಅದನ್ನು ಬೇರ್ಪಡಿಸಿ, ಎಲೆಯೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಅದಕ್ಕೆ ಫೋಲಿಕ್ ಆಮ್ಲವೆಂದು ಹೆಸರಿಟ್ಟರು.

ಇಂದು ಆರೋಗ್ಯಕೇಂದ್ರದಲ್ಲಿ ಬಸುರಿಯರಿಗೆ ಕೊಡುವ ಕೆಂಪು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣದೊಡನೆ 500 ಮೈಕ್ರೊಗ್ರಾಂ ಇದೇ ಫೋಲಿಕ್ ಆಮ್ಲವು ಸೇರಿರುವುದು. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ಇದನ್ನು ನುಂಗಬೇಕೆಂದು ನಿಯಮವಿದೆ. ಗುಳಿಗೆಯಿಂದ ಹೊಟ್ಟೆ ತೊಳಸುವುದು, ಮಲವು ಕಪ್ಪಾಗುವುದು ಎಂದು ಹೆದರಿ ಎಷ್ಟೋ ಮಂದಿ ಅವನ್ನು ಮಾಡದ ಮೇಲಿಟ್ಟು ಮರೆಯುವರು. ಮಲ ಕಪ್ಪಾಗುವುದರಿಂದ ಕೇಡಿಲ್ಲ. ತೊಳಸುವುದಾದರೆ ರಾತ್ರಿ ಊಟವಾದ ಮೇಲೆ ನುಂಗಿದರೆ ಬಾಧೆಯು ತಗ್ಗುವುದು. ಸುಣ್ಣದ ಗುಳಿಗೆಯನ್ನು ಇದರೊಡನೆ ಒಂದೇ ಹೊತ್ತಿಗೆ ತೆಗೆದುಕೊಳ್ಳಬಾರದು. ಒಂದು ಇನ್ನೊಂದಕ್ಕೆ ಅಡ್ಡಬರುವುದು. ಬರಿಗಾಲಲ್ಲಿ ಹೊಲದಲ್ಲಿ ತಿರುಗುವವರಿಗೆ ಕೊಕ್ಕೆಹುಳದ ಬಾಧೆಯೂ ಇರುವುದರಿಂದ, ಮೊದಲ ಮೂರು ತಿಂಗಳು ಕಳೆದ ಬಳಿಕ ವೈದ್ಯರನ್ನು ಕೇಳಿ ಹುಳದ ಔಷಧವನ್ನೂ ತೆಗೆದುಕೊಳ್ಳುವುದು ಲೇಸು.

ಕೈಗೆಟಕುವ ಔಷಧ

ಬಡವರಿಗೆ ಒಳ್ಳೆಯ ಊಟವನ್ನು ಹೇಳುವವರು ಸೇಬು, ದಾಳಿಂಬೆ, ಬದಾಮಿಗಳ ಹೆಸರು ಹೇಳಿ ಸುಮ್ಮನಾಗುವುದುಂಟು. ಇದು ಹಸಿದವನಿಗೆ ಅರಮನೆಯ ದಾರಿ ತೋರಿಸಿದಂತೆ. ಈ ನಾಲ್ಕು ತಾಲೂಕುಗಳ ಬಸುರಿಗೆ ಬೇಕಾದುದು ಬಹುಮಟ್ಟಿಗೆ ಇಲ್ಲಿಯ ಎರೆಯಲ್ಲಿಯೇ ಬೆಳೆಯುತ್ತದೆ.

ಮೊದಲನೆಯದು ಜೋಳ. 2013ರಿಂದ ಅನ್ನಭಾಗ್ಯದ ಅಕ್ಕಿಯು ಬಡವರ ಹಸಿವನ್ನು ಹಿಂಗಿಸಿದೆ. ಅದರ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೆ ನೂರು ಗ್ರಾಂ ಬಿಳಿಯ ಅಕ್ಕಿಯಲ್ಲಿ ಕಬ್ಬಿಣವು ಒಂದು ಮಿಲಿಗ್ರಾಮಿಗೂ ಕಡಿಮೆ. ಅಷ್ಟೇ ಜೋಳದಲ್ಲಿ ಸುಮಾರು 4 ಮಿಲಿಗ್ರಾಂ, ಸಜ್ಜೆಯಲ್ಲಿ 6ಕ್ಕೂ ಮೇಲೆ. ಸಸಾರಜನಕವು ಅಕ್ಕಿಯಲ್ಲಿ 8 ಗ್ರಾಂ, ಜೋಳದಲ್ಲಿ ಸುಮಾರು 10, ಸಜ್ಜೆಯಲ್ಲಿ 11. ಆದುದರಿಂದ ಅಕ್ಕಿ ಬಂದಿತೆಂದು ರೊಟ್ಟಿಯ ಹಂಚನ್ನು ಮೂಲೆಗೆ ಸೇರಿಸುವುದು ಬುದ್ಧಿವಂತಿಕೆಯಲ್ಲ.

ಹಾಗೆಂದು ಜೋಳವೊಂದನ್ನೇ ನೆಚ್ಚಿದರೂ ಸಾಲದು. ದಖ್ಖನಿನ ಬಡವರಲ್ಲಿ ಹಿಂದೆ ಪೆಲ್ಲಾಗ್ರಾ ಎಂಬ ಚರ್ಮರೋಗವು ಕಾಣಿಸಿಕೊಳ್ಳುತ್ತಿತ್ತು. ಹೈದರಾಬಾದಿನ ಪೋಷಣಾ ಸಂಶೋಧನಾಲಯದಲ್ಲಿ ಡಾ. ಗೋಪಾಲನ್ ಮತ್ತು ಡಾ. ಶ್ರೀಕಂಠಯ್ಯ ಇವರು 1960ರಲ್ಲಿ ಅದಕ್ಕೂ ಜೋಳವೊಂದೇ ಆಧಾರವಾದ ಊಟಕ್ಕೂ ಇರುವ ನಂಟನ್ನು ಲೋಕದ ಗಮನಕ್ಕೆ ತಂದರು. ಊಟದಲ್ಲಿ ವೈವಿಧ್ಯವು ಬಂದಂತೆ ಆ ರೋಗವು ಈಗ ವಿರಳವಾಗಿದೆ. ಇದರಿಂದ ಕಲಿಯತಕ್ಕ ಪಾಠವೆಂದರೆ, ರೊಟ್ಟಿಯ ಜೊತೆಗೆ ಏನಿರುವುದೆಂಬುದು ರೊಟ್ಟಿಯಷ್ಟೇ ಮುಖ್ಯ. ತೊಗರಿಬೇಳೆ, ಹೆಸರು, ಮಡಿಕೆಕಾಳು, ಕಡಲೆ ಇವುಗಳಲ್ಲಿ ಒಂದಾದರೂ ದಿನದ ಎರಡು ಹೊತ್ತಿನಲ್ಲಿಯೂ ಇರಬೇಕು. ಕಾಳುಗಳನ್ನು ನೆನೆಹಾಕಿ ಮೊಳಕೆ ಬರಿಸಿದರೆ ಅವುಗಳಲ್ಲಿರುವ ಕಬ್ಬಿಣವು ಮೈಗೆ ಸುಲಭವಾಗಿ ಹತ್ತುವುದು.

ಎರಡನೆಯದು ಸೊಪ್ಪು. ಪುಂಡಿ, ಮೆಂತ್ಯ, ರಾಜಗಿರಿ, ಹಕ್ಕರಕಿ, ನುಗ್ಗೆ ಇವು ಬದುವಿನಲ್ಲಿ, ಹಿತ್ತಿಲಲ್ಲಿ, ಸಂತೆಯಲ್ಲಿ ಅಗ್ಗವಾಗಿ ದೊರೆಯುವುವು. ಲೂಸಿ ವಿಲ್ಸಳು ಅರಸಿದ ಆ ಗುಣವು ಇಂಥ ಹಸುರೆಲೆಗಳಲ್ಲಿಯೇ ಇರುವುದು. ಸೊಪ್ಪನ್ನು ಬಹಳ ಹೊತ್ತು ಕುದಿಸಿ ನೀರನ್ನು ಬಸಿದು ಚೆಲ್ಲಿದರೆ ಆ ಗುಣವೂ ನೀರಿನೊಡನೆ ಹೋಗುವುದು.

ಮೂರನೆಯದು ನಿಂಬೆ. ಧಾನ್ಯ, ಕಾಳು, ಸೊಪ್ಪುಗಳಲ್ಲಿರುವ ಕಬ್ಬಿಣದ ಸ್ವಲ್ಪ ಭಾಗವನ್ನು ಮಾತ್ರ ನಮ್ಮ ಕರುಳು ಹೀರಿಕೊಳ್ಳಬಲ್ಲುದು. ಹುಳಿಹಣ್ಣಿನ ಸಿ ಜೀವಸತ್ವವು ಜೊತೆಗಿದ್ದರೆ ಆ ಭಾಗವು ಹೆಚ್ಚುವುದು. ಊಟದೊಡನೆ ಚಹ ಕುಡಿದರೆ ತಗ್ಗುವುದು. ಇಂಡಿಯ ತೋಟಗಳಿಂದ ನಿಂಬೆಯು ಲಾರಿಗಟ್ಟಲೆ ದೂರದ ಊರುಗಳಿಗೆ ಹೋಗುವುದು. ಅದರಲ್ಲಿ ಅರ್ಧ ಹೋಳು ಬಸುರಿಯ ಬೇಳೆಯ ಮೇಲೆ ಹಿಂಡಲ್ಪಟ್ಟರೆ ಅದರ ಬೆಲೆಯು ಸಂತೆಯ ಬೆಲೆಗಿಂತ ಎಷ್ಟೋ ಹೆಚ್ಚು. ಚಹವನ್ನು ಬಿಡಲಾರದವರು ಊಟಕ್ಕೂ ಚಹಕ್ಕೂ ಒಂದು ತಾಸಿನ ಅಂತರವನ್ನಾದರೂ ಇಟ್ಟುಕೊಳ್ಳಲಿ.

ನಾಲ್ಕನೆಯದು ಹಿಂಡಿ ಮತ್ತು ಉಂಡಿ. ಕೆಂಪು ಖಾರದ ಬದಲು ಶೇಂಗಾ, ಅಗಸಿ, ಗುರೆಳ್ಳಿನ ಹಿಂಡಿಯನ್ನು ರೊಟ್ಟಿಗೆ ಹಚ್ಚಿಕೊಂಡರೆ ಎಣ್ಣೆಯೂ ಸಸಾರಜನಕವೂ ಒಟ್ಟಿಗೆ ದೊರೆಯುವುವು. ಉಳ್ಳವರ ಮನೆಯಲ್ಲಿ ಬಾಣಂತಿಗೆ ಅಂಟು, ಒಣಕೊಬ್ಬರಿ, ಉತ್ತತ್ತಿ, ತುಪ್ಪ ಹಾಕಿ ಅಂಟಿನ ಉಂಡಿಯನ್ನು ಕಟ್ಟುವರು. ಅಷ್ಟು ಶಕ್ತಿಯಿಲ್ಲದವರು ಹುರಿದ ಶೇಂಗಾ, ಎಳ್ಳು, ಬೆಲ್ಲ ಕುಟ್ಟಿ ಕಟ್ಟಿದ ಉಂಡಿಯು ಬಲದಲ್ಲಿ ಅದಕ್ಕೆ ಬಹಳ ಹಿಂದೆ ಬೀಳದು. ತಿನ್ನುವವರಿಗೆ ಮೊಟ್ಟೆಯು ಉತ್ತಮವಾದ ಆಹಾರ. ಒಲ್ಲದವರು ಹಾಲು ಮೊಸರುಗಳಿಂದಲೂ ಮೊಳಕೆ ಕಾಳಿನಿಂದಲೂ ಆ ಕೊರತೆಯನ್ನು ತುಂಬಿಕೊಳ್ಳಬಹುದು.

ಉಣ್ಣುವ ಸರದಿ

ಇಷ್ಟೆಲ್ಲ ನೆಲದಲ್ಲಿದ್ದೂ ಬಸುರಿಯ ತಾಟಿಗೆ ಏಕೆ ಬರುವುದಿಲ್ಲ? ಬಡತನವೊಂದೇ ಕಾರಣವೆಂದರೆ ಅರ್ಧ ಸತ್ಯವನ್ನು ಹೇಳಿದಂತಾಗುವುದು. ಉಳಿದರ್ಧವು ನಮ್ಮ ಮನೆಗಳ ಉಣ್ಣುವ ಸರದಿಯಲ್ಲಿದೆ. ಮೊದಲು ಗಂಡಸರು, ಆ ಮೇಲೆ ಮಕ್ಕಳು, ಆ ಮೇಲೆ ಅತ್ತೆ, ಕಟ್ಟಕಡೆಗೆ ಸೊಸೆ. ಪಲ್ಯದ ಬೋಗುಣಿಯಲ್ಲಿ ಏನು ಉಳಿಯಿತೋ ಅದು ಅವಳ ಪಾಲು. ಉಳ್ಳವರ ಮನೆಯಲ್ಲಿ ಕೊನೆಯ ಪಂಕ್ತಿಗೂ ಸಾಕಷ್ಟು ಉಳಿಯುವುದು. ಇಲ್ಲದವರ ಮನೆಯಲ್ಲಿ ಕೊನೆಯವಳೆಂದರೆ ಖಾಲಿ ಬೋಗುಣಿಯವಳು. ಇದು ಯಾರ ಕ್ರೌರ್ಯವೂ ಅಲ್ಲ. ಬಡಿಸುವವಳು ಕೊನೆಗೆ ಉಣ್ಣುವುದು ಒಂದು ಸದ್ಗುಣವೆಂದು ನಾವೇ ಹಾಡಿ ಹೊಗಳಿರುವೆವು. ಆದರೆ ಆ ಸದ್ಗುಣದ ಬೆಲೆಯನ್ನು ಇನ್ನೂ ಹುಟ್ಟದ ಕೂಸು ತೆರಬೇಕಾಗಿರುವುದು.

ಸರದಿಯ ಜೊತೆಗೆ ಅಂಜಿಕೆಗಳೂ ಉಂಟು. ಹೆಚ್ಚು ಉಂಡರೆ ಕೂಸು ದೊಡ್ಡದಾಗಿ ಹೆರಿಗೆ ಕಷ್ಟವಾಗುವುದೆಂದು ಕೊನೆಯ ತಿಂಗಳುಗಳಲ್ಲಿ ಊಟವನ್ನು ಬಿಗಿಹಿಡಿಯುವವರುಂಟು. ಕೂಸು ತೂಕಗಟ್ಟುವ ಕಾಲವೇ ಅದು. ಆಗ ಹಿಡಿದ ಊಟವು ಕೂಸಿನ ಮೈಯಿಂದಲೂ ತಾಯಿಯ ಬಲದಿಂದಲೂ ಕಳೆದುಹೋಗುವುದು. ಹೆರಿಗೆಯಾದ ಮೇಲೆ ಸೊಪ್ಪು ಬೇಡ, ಕಾಳು ಬೇಡ, ನೀರು ಹೆಚ್ಚು ಬೇಡವೆಂದು ಬಾಣಂತಿಯನ್ನು ಬರಿಯ ಅನ್ನದ ಮೇಲೆ ಇಡುವ ಪದ್ಧತಿಯೂ ಕೆಲವೆಡೆ ಇದೆ. ದಿನಕ್ಕೆ ಮುಕ್ಕಾಲು ಲೀಟರಿನಷ್ಟು ಹಾಲನ್ನು ಕೂಸಿಗೆ ಕೊಡುವವಳಿಗೆ ನೀರನ್ನು ಅಳೆದು ಕೊಡುವುದು ಸರಿಯೇ? ಮೊದಲ ದಿನಗಳ ಹಳದಿ ಬಣ್ಣದ ಗಟ್ಟಿ ಹಾಲನ್ನು ಹಿಂಡಿ ಚೆಲ್ಲುವುದಂತೂ ದೊಡ್ಡ ನಷ್ಟ. ರೋಗದಿಂದ ಕಾಯುವ ಶಕ್ತಿಯು ಕೂಸಿಗೆ ಮೊದಲು ದೊರೆಯುವುದು ಅದರಿಂದಲೇ. ಕಾಯಿದೆಯು 18 ವರ್ಷ ತುಂಬುವ ಮೊದಲು ಹುಡುಗಿಯ ಮದುವೆಯನ್ನು ನಿಷೇಧಿಸಿದ್ದರೂ ಎಳೆಯ ವಯಸ್ಸಿನ ಮದುವೆಗಳು ನಮ್ಮ ಸೀಮೆಯಿಂದ ಪೂರ್ತಿ ಅಳಿದಿಲ್ಲ. ತಾನೇ ಇನ್ನೂ ಬೆಳೆಯುತ್ತಿರುವ ಹುಡುಗಿಯು ತಾಯಿಯಾದರೆ, ಇದ್ದ ತುತ್ತಿಗಾಗಿ ಅವಳ ಮೈಯೂ ಗರ್ಭವೂ ಪೈಪೋಟಿ ನಡೆಸಬೇಕಾಗುವುದು.

ಇವುಗಳನ್ನೆಲ್ಲ ಹೇಳುವಾಗ ನಮ್ಮ ಪದ್ಧತಿಗಳನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಕುಬಸದ ದಿನ ಬಸುರಿಯನ್ನು ಕೂಡ್ರಿಸಿ, ಹಸುರು ಸೀರೆ ಉಡಿಸಿ, ಅವಳ ಬಯಕೆಯ ಅಡಿಗೆಯನ್ನು ಬಡಿಸುವುದು ನಮ್ಮ ಪದ್ಧತಿಯೇ. ಚೊಚ್ಚಲ ಹೆರಿಗೆಗೆ ತವರಿಗೆ ಕಳುಹಿಸಿ ದುಡಿತದಿಂದ ಬಿಡುವು ಕೊಡುವುದೂ ನಮ್ಮ ಪದ್ಧತಿಯೇ. ಆ ಒಂದು ದಿನದ ಮರ್ಯಾದೆಯು ಒಂಬತ್ತು ತಿಂಗಳೂ ನಡೆಯಲೆಂಬುದಷ್ಟೇ ನಮ್ಮ ಕೇಳಿಕೆ.

ಸರಕಾರದ ಏರ್ಪಾಡು

ಈ ವಿಷಯದಲ್ಲಿ ಸರಕಾರವು ಕೈಕಟ್ಟಿ ಕುಳಿತಿಲ್ಲ. 1975ರ ಅಕ್ಟೋಬರ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಆರಂಭವಾದಾಗ ನಮ್ಮ ರಾಜ್ಯದ ಟಿ. ನರಸೀಪುರವೂ ಅವುಗಳಲ್ಲೊಂದಾಗಿತ್ತು. ಅಲ್ಲಿಂದ ಬೆಳೆದ ಅಂಗನವಾಡಿಗಳು ಇಂದು ಹಳ್ಳಿ ಹಳ್ಳಿಯಲ್ಲಿಯೂ ಇವೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು ಬಸುರಿಗೂ, ಹೆರಿಗೆಯಾದ ಆರು ತಿಂಗಳವರೆಗೆ ತಾಯಿಗೂ, ಅಂಗನವಾಡಿಯ ಮೂಲಕ ಬೆಲೆಯಿಲ್ಲದ ಊಟವನ್ನು ಅವರ ಹಕ್ಕೆಂದು ಸಾರಿತು. ಇದು ಭಿಕ್ಷೆಯಲ್ಲ, ಹಕ್ಕು ಎಂಬುದನ್ನು ವಾಚಕರು ಮನಸ್ಸಿನಲ್ಲಿಡಬೇಕು.

ಕರ್ನಾಟಕ ಸರಕಾರವು 2017ರಲ್ಲಿ ಜಮಖಂಡಿ, ಮಾನ್ವಿ, ಮಧುಗಿರಿ, ಹೆಗ್ಗಡದೇವನಕೋಟೆ ತಾಲೂಕುಗಳಲ್ಲಿ ಪರೀಕ್ಷೆ ಮಾಡಿ ನೋಡಿ, ಅದೇ ವರ್ಷದ ಅಕ್ಟೋಬರ 2ರಿಂದ ಮಾತೃಪೂರ್ಣ ಯೋಜನೆಯನ್ನು ರಾಜ್ಯದಲ್ಲೆಲ್ಲ ಜಾರಿಗೆ ತಂದಿತು. ನೆರೆಯ ತೆಲುಗು ನಾಡುಗಳಲ್ಲಿ ಇಂಥ ಯೋಜನೆಯು ಮೊದಲೇ ನಡೆದಿತ್ತು. ತಿಂಗಳಿಗೆ 25 ದಿನ ಅಂಗನವಾಡಿಯಲ್ಲಿಯೇ ಬಿಸಿ ಅನ್ನ, ಸಾರು, ಪಲ್ಯ, ಮೊಟ್ಟೆ ಅಥವಾ ಮೊಳಕೆ ಕಾಳು, 200 ಮಿಲಿಲೀಟರ ಹಾಲು, ಶೇಂಗಾ ಬೆಲ್ಲದ ಚಿಕ್ಕಿ, ಇವನ್ನು ಕೊಡತಕ್ಕದ್ದೆಂದು ಗೊತ್ತುಮಾಡಲಾಯಿತು. ಇದರ ಹಿಂದಿನ ವಿಚಾರವು ಬಹು ಜಾಣ್ಮೆಯದು. ಪಡಿಯನ್ನು ಮನೆಗೆ ಕಳುಹಿಸಿದರೆ ಅದು ಮನೆಮಂದಿಗೆಲ್ಲ ಹಂಚಿಹೋಗುವುದು. ಅಂಗನವಾಡಿಯಲ್ಲಿ ಕೂಡ್ರಿಸಿ ಬಡಿಸಿದರೆ ಅದು ಬಸುರಿಯ ಹೊಟ್ಟೆಯನ್ನೇ ಸೇರುವುದು. ಮನೆಯ ಸರದಿಯಲ್ಲಿ ಕೊನೆಯವಳಾದವಳು ಇಲ್ಲಿ ಮೊದಲನೆಯವಳು.

ಆದರೆ ಆಚರಣೆಯಲ್ಲಿ ತೊಡಕುಗಳು ಕಂಡುಬಂದುವು. ನಸುಕಿನಲ್ಲಿ ಹೊಲಕ್ಕೆ ಹೋದವಳು ನಡುಹಗಲಿನಲ್ಲಿ ಒಂದು ಊಟಕ್ಕಾಗಿ ಊರಿಗೆ ಬಂದರೆ ಅರ್ಧ ದಿನದ ಕೂಲಿಯು ಹೋಗುವುದು. ದೂರದ ತಾಂಡಾದವಳಿಗೆ, ದಿನ ತುಂಬಿದವಳಿಗೆ ನಡೆದು ಬರುವುದು ಕಷ್ಟ. ಹಸಿ ಬಾಣಂತಿಯು ಹೊಸ್ತಿಲು ದಾಟಬಾರದೆಂದು ಹಿರಿಯರು ತಡೆಯುವರು. 2020ರ ಮಹಾಮಾರಿಯ ಕಾಲದಲ್ಲಿ ಜನ ಗುಂಪುಗೂಡಬಾರದೆಂದು ಪಡಿಯನ್ನು ಮನೆಗೇ ಕೊಡಲಾಯಿತು. ಆಗ ಹಂಚಿಕೆಯ ಹಳೆಯ ತೊಂದರೆಯು ಮರಳಿತು. ಈ ಎರಡರಲ್ಲಿ ಯಾವ ರೀತಿಯಿದ್ದರೂ ಮನೆಯವರ ಮನಸ್ಸು ಕೂಡದೆ ಯೋಜನೆಯು ಫಲಿಸದೆಂಬುದು ಇದರಿಂದ ಸ್ಪಷ್ಟವಾಗುವುದು.

ಇದಲ್ಲದೆ 2017ರಿಂದ ಕೇಂದ್ರ ಸರಕಾರದ ಮಾತೃವಂದನಾ ಯೋಜನೆಯಲ್ಲಿ ಅರ್ಹಳಾದ ತಾಯಿಗೆ ಮೊದಲ ಕೂಸಿಗೆ 5000 ರೂಪಾಯಿಗಳು ಕಂತುಗಳಲ್ಲಿ ದೊರೆಯುವುವು. ಎರಡನೆಯದು ಹೆಣ್ಣಾದರೆ 6000 ರೂಪಾಯಿ ಕೊಡುವ ನಿಯಮವೂ ಆ ಮೇಲೆ ಸೇರಿತು. ಕೂಲಿ ತಪ್ಪಿದ ದಿನಗಳಲ್ಲಿ ಊಟ ತಪ್ಪದಿರಲೆಂಬುದು ಈ ಹಣದ ಉದ್ದೇಶ.

ಓದುಗರು ಮಾಡಬಹುದಾದುದು

ಈ ಪತ್ರಿಕೆಯನ್ನು ಓದುವವರಲ್ಲಿ ಬಹುಮಂದಿ ತಕ್ಕಮಟ್ಟಿಗೆ ಉಂಡುಟ್ಟು ಸುಖವಾಗಿರುವ ಗೃಹಸ್ಥರು. ಹಾಗಾದರೆ ಈ ಲೇಖನವು ತಮಗೆ ಸಂಬಂಧಿಸಿದುದಲ್ಲವೆಂದು ಅವರು ಪುಟ ತಿರುವಬಾರದು. ಬಡ ಬಸುರಿಯು ದುಡಿಯುವುದು ಅವರ ಹೊಲದಲ್ಲಿಯೇ. ಪಾತ್ರೆ ತೊಳೆಯುವುದು ಅವರ ಅಂಗಳದಲ್ಲಿಯೇ. ಆದುದರಿಂದ ನಾವು ಕೆಲವು ಮಾತುಗಳನ್ನು ಸಲಿಗೆಯಿಂದ ಅರಿಕೆ ಮಾಡಿಕೊಳ್ಳುವೆವು.

ಹೊಲದೊಡೆಯರಾದವರು ಕೂಲಿಯ ಆಳುಗಳಲ್ಲಿ ಬಸುರಿಯರಿದ್ದರೆ ಅವರಿಗೆ ಭಾರ ಹೊರುವ, ಬಹುಹೊತ್ತು ಬಗ್ಗುವ ಕೆಲಸವನ್ನು ತಪ್ಪಿಸಿ ಕುಳಿತು ಮಾಡುವ ಕೆಲಸವನ್ನು ಕೊಡಲಿ. ಅಂಗನವಾಡಿಯ ಊಟಕ್ಕೆ ಹೋಗಿಬರಲು ಒಂದು ತಾಸಿನ ಬಿಡುವನ್ನು ಕೂಲಿ ಕಡಿಯದೆ ಕೊಡಲಿ. ಇದಾಗದಿದ್ದರೆ ನಡುಹಗಲಿನ ಬುತ್ತಿಗೆ ಒಂದು ಬಟ್ಟಲು ಗಟ್ಟಿ ಬೇಳೆ, ಒಂದು ಹೋಳು ನಿಂಬೆ, ಒಂದು ಶೇಂಗಾ ಉಂಡಿಯನ್ನಾದರೂ ಕೂಡಿಸಲಿ. ದಾಸೋಹದ ಹೆಸರು ಹೇಳುವ ನಾಡು ನಮ್ಮದು. ಬಸವಣ್ಣನವರ ಊರೆನಿಸಿದ ಬಾಗೇವಾಡಿಯೂ ಈ ನಾಲ್ಕರಲ್ಲೊಂದು. ಜಾತ್ರೆಯ ದಿನ ಸಾವಿರ ಜನಕ್ಕೆ ಉಣಬಡಿಸುವ ಊರು, ವರ್ಷವಿಡೀ ತನ್ನ ಹತ್ತಿಪ್ಪತ್ತು ಬಸುರಿಯರಿಗೆ ಉಣಬಡಿಸಲಾರದೇ?

ಅತ್ತೆಯ ಸ್ಥಾನದಲ್ಲಿರುವ ಹಿರಿಯರು ಸೊಸೆಯೊಡನೆ ತಾವೇ ಒಮ್ಮೆ ಅಂಗನವಾಡಿಗೆ ಹೋಗಿಬರಲಿ. ಈಗ ಊಟವನ್ನು ಅಲ್ಲಿ ಬಡಿಸುವರೋ ಪಡಿಯನ್ನು ಮನೆಗೆ ಕೊಡುವರೋ ಎಂಬುದನ್ನು ವಿಚಾರಿಸಿ ತಿಳಿದುಕೊಳ್ಳಲಿ. ಪಡಿಯು ಮನೆಗೆ ಬರುವುದಾದರೆ ಅದನ್ನು ಬೇರೆ ಡಬ್ಬಿಯಲ್ಲಿ ತೆಗೆದಿರಿಸಿ, ಇದು ಬಸುರಿಯದು, ಇದಕ್ಕೆ ಬೇರೆಯವರು ಕೈಹಾಕಬಾರದೆಂದು ಕಟ್ಟುಮಾಡಲಿ. ಮನೆಯಲ್ಲಿ ಅತ್ತೆಯ ಮಾತಿಗಿರುವ ಬಲವು ಯಾವ ಅಧಿಕಾರಿಯ ಹುಕುಮಿಗೂ ಇಲ್ಲ.

ಗಂಡನಾದವನು ಗುಳಿಗೆಯ ಲೆಕ್ಕವನ್ನು ತಾನು ಇಟ್ಟುಕೊಳ್ಳಲಿ. ರಾತ್ರಿ ಊಟವಾದ ಮೇಲೆ ಒಂದು ಲೋಟ ನೀರನ್ನೂ ಗುಳಿಗೆಯನ್ನೂ ತಂದು ಮುಂದಿಡಲಿ. ದುಡಿಯಲು ಪರಊರಿಗೆ ಹೋಗಬೇಕಾಗಿ ಬಂದರೆ ತಾಯಿ ಕಾರ್ಡನ್ನು ಪೆಟ್ಟಿಗೆಯ ತಳದಲ್ಲಿ ಬಿಟ್ಟುಹೋಗದೆ ಜೊತೆಗೆ ಒಯ್ಯಲಿ. ಹೋದ ಊರಿನ ಅಂಗನವಾಡಿಯನ್ನೂ ಆರೋಗ್ಯಕೇಂದ್ರವನ್ನೂ ಮೊದಲ ವಾರದಲ್ಲಿಯೇ ಕಂಡು ಹೆಸರು ಬರೆಯಿಸಲಿ. ಕಣ್ಣಿನ ರೆಪ್ಪೆಯ ಒಳಭಾಗ ಬಿಳುಪೇರುವುದು, ನಾಲ್ಕು ಹೆಜ್ಜೆಗೆ ಏದುಸಿರು ಬರುವುದು, ಮುಖ ಪಾದಗಳು ಬಾಯುವುದು ಇವುಗಳನ್ನು ಬಸುರಿನಲ್ಲಿ ಎಲ್ಲರಿಗೂ ಇರುವುದೇ ಎಂದು ತಳ್ಳಿಹಾಕದೆ ಕೂಡಲೆ ವೈದ್ಯರಿಗೆ ತೋರಿಸಲಿ.

ಇವುಗಳಲ್ಲಿ ಯಾವುದೂ ಹೆಚ್ಚಿನ ಹಣವನ್ನು ಬೇಡುವ ಮಾತಲ್ಲ. ಅಣೆಕಟ್ಟು ಕಟ್ಟುವುದಕ್ಕೆ ದಶಕಗಳು ಬೇಕಾದುವು. ಮಳೆಯು ನಮ್ಮ ಮಾತನ್ನು ಕೇಳದು. ಆದರೆ ಉಣ್ಣುವ ಸರದಿಯನ್ನು ಬದಲಿಸಲು ಒಂದು ರಾತ್ರಿ ಸಾಕು. ಮನೆಯಲ್ಲಿ ಎರಡು ಜೀವದವಳು ಇರುವ ವರೆಗೆ ಮೊದಲ ರೊಟ್ಟಿಯೂ ಮೊದಲ ಸೌಟಿನ ಬೇಳೆಯೂ ಅವಳ ತಾಟಿಗೆ ಬೀಳಲಿ. ಹಿರಿಯರು ಆ ಮೇಲೆ ಕೈತೊಳೆಯಲಿ. ಬಡಿಸುವ ಸೌಟು ಯಾರ ಕೈಯಲ್ಲಿರುವುದೋ ಅವರು ಇಂದೇ ಇದನ್ನು ಆರಂಭಿಸಬೇಕೆಂದು ನಮ್ಮ ವಿನಂತಿ.